ಇಲಿ ನಿಲಬಾರದು

ಜೂನ್ ತಿಂಗಳ ಎರಡನೇ ವಾರ, ಬೆಂಗ್ರೆಯ ಒಂದನೇ ಕ್ಲಾಸು.
ಕಾರ್ಡಿನಲ್ಲಿ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ: ಬೆಕ್ಕು.
ಮನ್ವಿತ್ ಬೆರಳಿಟ್ಟ. ಎಡದಿಂದ ಬಲಕ್ಕೆ
ಸರಿಯಾಗಿಯೇ ಸರಿಸಿದ. ಗಂಟಲು ಸರಿಮಾಡಿಕೊಂಡು
ಗಟ್ಟಿಯಾಗಿ ಓದಿದ:
ಪುಚ್ಚೆ.

ನಾನು ರೋಣದ ಕಡೆಯವಳು. ತುಳು ಅಂದರೆ ನನಗೆ
ಬಸ್ಸಿನ ಹಿಂದಿನ ಸೀಟಿನವರ ಜಗಳ, ಅಷ್ಟೆ.
ಏನೋ ಬೈಗುಳ ಇರಬೇಕೆಂದು ಹುಬ್ಬು ಗಂಟಿಕ್ಕಿದೆ.
ಇಡೀ ಕ್ಲಾಸು ನನ್ನನ್ನೇ ನೋಡಿತು,
ಪಾಪ, ಟೀಚರಿಗೆ ಓದಲು ಬರುವುದಿಲ್ಲ
ಅನ್ನುವ ಹಾಗೆ.

ಮೌಲ್ಯಮಾಪನದ ಹಾಳೆಯಲ್ಲಿರುವುದು ಎರಡೇ ಖಾನೆ:
ಗುರುತಿಸುತ್ತದೆ, ಗುರುತಿಸುವುದಿಲ್ಲ.
ಪುಸ್ತಕವನ್ನು ತಲೆಕೆಳಗೆ ಹಿಡಿದು
ಇಡೀ ಪುಟ ತಪ್ಪಿಲ್ಲದೆ ಒಪ್ಪಿಸಿ
ಸರಿಯಾದ ಜಾಗದಲ್ಲೇ ಹಾಳೆ ಮಗುಚುವ ಅಫ್ರಾಳನ್ನು
ಯಾವುದರಲ್ಲಿ ಹಾಕಲಿ?
ಮರ ಬರೆ ಅಂದರೆ ಮಂ ಬರೆದು,
ರ-ದ ತಲೆಕಟ್ಟು ನಾಳೆ ಕಟ್ಟುತ್ತೇನೆ ಅನ್ನುವ ಜೀವಿತಾಳನ್ನು?

ಶಬ್ದ ಒಡೆಯುವುದನ್ನು ಮೀನಿನಿಂದ ಶುರು ಮಾಡಿದೆವು.
ಬಂ-ಗು-ಡೆ, ಮೂರು ಚಪ್ಪಾಳೆ.
ಬೂ-ತಾ-ಯಿ, ಅದಕ್ಕೂ ಮೂರು.
ಅಂ-ಜ... ಲ್ ಎಂಬಲ್ಲಿ
ಹೊಡೆಯಬೇಕೋ ಬೇಡವೋ ತಿಳಿಯದೆ
ಇಪ್ಪತ್ತೆರಡು ಜೊತೆ ಕೈ ಗಾಳಿಯಲ್ಲೇ ನಿಂತವು.
ನನ್ನವೂ.

ಸಂಜೆ ನಾಲ್ಕೂವರೆಯ ದೋಣಿ, ಆಚೆ ದಡದ ಬಂದರಿಗೆ.
ಬುಟ್ಟಿ, ಸೈಕಲ್ಲು, ಮಂಜುಗಡ್ಡೆಯ ಡಬ್ಬಿ,
ತಾಯಿಯ ಸೆರಗು ಹಿಡಿದ ಮನ್ವಿತ್.
ಅಂಚಿನ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ
ಇಲ್ಲಿ ನಿಲ್ಲಬಾರದು ಎಂದಿತ್ತು.
ಮೂರು ತಿಂಗಳು ಅದರ ಎದುರೇ ಕೂತು ಬಂದವನು
ಅವತ್ತು ಬೆರಳೆತ್ತಿದ.
ಇ. ಲಿ. ನಿ. ಲ.
ಬಾ, ರ, ದು.
ಒತ್ತುಗಳೆರಡನ್ನೂ ಹೊಳೆಗೆ ಬಿಟ್ಟು,
ಉಳಿದದ್ದನ್ನು ಕೂಡಿಸಿ,
ಇಲಿ ನಿಲಬಾರದು!

ದೋಣಿ ಇಡೀ ನಕ್ಕಿತು.
ಸಂಜೀವಣ್ಣ ಚುಕ್ಕಾಣಿಯಿಂದಲೇ ಕೂಗಿದ:
ಸಮ ಓದಿದೆ ಮಾರಾಯ, ಮೊನ್ನೆ ನನ್ನ ಹಗ್ಗ ಕಡಿದದ್ದು ಅದೇ.
ಹುಡುಗನಿಗೆ ನಾಚಿಕೆಯಾಗಲಿಲ್ಲ. ಬಗ್ಗಿ
ಹಲಗೆಯ ಸಂದಿಯಲ್ಲಿ ಇಲಿ ಹುಡುಕುತ್ತಿದ್ದ.
ನಾನು ಮಾತ್ರ ನಗಲಿಲ್ಲ, ಮೈ ಜುಮ್ಮೆಂದಿತು.
ಅಲ್ಲಿ ಚಿತ್ರವಿರಲಿಲ್ಲ. ಹೇಳಿಕೊಟ್ಟವರಿರಲಿಲ್ಲ.
ಉಪ್ಪು ತಿಂದ ಬರೀ ನಾಲ್ಕು ಗೆರೆಯಿಂದ
ಬಾಲ ಸಮೇತ ಒಂದು ಪ್ರಾಣಿ
ಅವನಿಗಾಗಿ ಹೊರಗೆ ಬಂದಿತ್ತು.

ಪರ್ಸಿನಲ್ಲಿದ್ದ ಹಳೆ ಬಸ್ ಟಿಕೇಟಿನ ಹಿಂದೆ ಬರೆದು ತೋರಿಸಿದೆ:
ಪುಚ್ಚೆ.
ಬಹಳ ಹೊತ್ತು ನೋಡಿದ.
ನಮ್ಮ ಪುಚ್ಚೆಯನ್ನು ಬರೀಲಿಕ್ಕೆ ಆಗ್ತದಾ ಟೀಚರ್?
ಆಗ್ತದಲ್ಲ. ಈ ಚೆ-ಯ ಕೆಳಗೆ ನೋಡು,
ಇನ್ನೊಂದು ಚ, ಮರಿ ಹಾಗೆ ಅಂಟಿಕೊಂಡಿದೆ.
ಪುಚೆ, ಅಂದ. ಮೂಗು ಮುರಿದ. ಪುಚ್... ಚೆ.
ಆರು ವರ್ಷದಿಂದ ಬಾಯೊಳಗೆ ಇಟ್ಟುಕೊಂಡಿದ್ದ ಒತ್ತನ್ನು
ನಾಲಗೆ ಅಂಗುಳಿಗೆ ಒತ್ತಿ ಒತ್ತಿ ನೋಡಿದ.
ಅಷ್ಟರಲ್ಲಿ ಧಕ್ಕೆ ಬಂತು. ತಾಯಿ ರಟ್ಟೆ ಹಿಡಿದೆಳೆದಳು.
ಟಿಕೇಟು ಅವನ ಜೇಬಿಗೆ, ಜೇಬು ಬಹುಶಃ
ನೆನೆಸಿಟ್ಟ ಬಟ್ಟೆಯ ಬಕೆಟಿಗೆ.

ನವರಾತ್ರಿ ರಜೆ ಕಳೆದು ಮತ್ತೆ ಅದೇ ದೋಣಿ.
ಈಗ ನನಗೆ ಏಡಿ ಡೆಂಜಿ, ಮಳೆ ಬರ್ಸ.
ಬಸ್ಸಿನ ಜಗಳ ಅರ್ಧ ಅರ್ಥವಾಗುತ್ತದೆ;
ಅದು ಜಗಳವೇ ಅಲ್ಲ, ಮದುವೆಯೂಟದ ಸುದ್ದಿ.
ಮನ್ವಿತ್ ಅಂಚಿಗೆ ಹೋಗಿ, ಆ ಹಲಗೆಯ ಮೇಲೇ ನಿಂತು,
ಕಾಲ ಬಳಿಯ ಅಕ್ಷರಗಳನ್ನು
ಒತ್ತು ಬಿಡದೆ, ಒಂದೇ ಉಸಿರಿಗೆ ಓದಿದ:
ಇಲ್ಲಿ ನಿಲ್ಲಬಾರದು.
ಓದಿ ಅಲ್ಲೇ ನಿಂತ.

ಇಳಿ ಮಾರಾಯ, ಇಳಿ! ಸಂಜೀವಣ್ಣ ಬೊಬ್ಬೆ ಹೊಡೆದ.
ಹುಡುಗ ನನ್ನ ಕಡೆ ತಿರುಗಿದ,
ಬೆರಳು ಗಾಳಿಯಲ್ಲಿ ಆಗಲೇ ಏನೋ ಬರೆಯುತ್ತಿತ್ತು:
ಟೀಚರ್,
ಈಗ ಅವರು ಹೇಳಿದ್ದು ಯಾವ ಲಿ?